ಮಣ್ಣಿಗೆ ಮರಳಿದವನು ಓದಿ ಬಂದವನು



ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ನಾಲ್ಕು ಮಾತು ಆಡಬೇಕಾಗಿತ್ತು. ಸಿದ್ಧತೆಗೆ ಸಮಯವಿರಲಿಲ್ಲ. ಗುರುಮಠದ ದಿನಗಳಲ್ಲಿ ಓದಿದ್ದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ನೆನಪಿನಿಂದಲೇ ಎತ್ತಿಕೊಂಡೆ. ಇಂಗ್ಲಿಷ್ ಓದಲು ಪೇಟೆಗೆ ಹೋದ ಮಗ ಹೇಗೆ ಕೆಟ್ಟುಹೋದ, ಪದವಿ ಪಡೆದ ಮೊಮ್ಮಗ ಉದ್ಯೋಗ ಸಿಗದೆ ಹೇಗೆ ಊರಿಗೆ ಹಿಂದಿರುಗಿ ಮಣ್ಣನ್ನೇ ನಂಬಿದ ಎಂದು ವಿವರಿಸಿ, ಪುಸ್ತಕದ ವಿದ್ಯೆಗಿಂತ ಕೈಯ ಕೆಲಸವೇ ಮಿಗಿಲೆಂದು ಮುಗಿಸಿದೆ. ಸಭಿಕರು ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ನಮ್ಮವರೇ ಆದ ಗಾರೆ ಮೇಸ್ತ್ರಿಯೊಬ್ಬರು ಬಳಿಗೆ ಬಂದರು. “ಸ್ವಾಮಿ, ಮೂವತ್ತು ವರ್ಷ ಕರಣೆ ಹಿಡಿದೆ. ಮಗ ಇದನ್ನು ಮುಟ್ಟಬಾರದು ಅಂತ ಸಾಲ ಮಾಡಿ ಸಿವಿಲ್ ಇಂಜಿನಿಯರಿಂಗ್ ಓದಿಸಿದೆ. ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ. ತಾವು ಹೇಳಿದ್ದು ಕೇಳಿದರೆ ನಾನು ಓದಿಸಿದ್ದೇ ತಪ್ಪು ಅಂತಾಯಿತಲ್ಲವೇ?” ಎಂದು ಕೇಳಿದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ತಪ್ಪೊಪ್ಪಿಗೆಗೆ ಬಂದವರಂತೆ ನಿಂತಿದ್ದರು. ನನಗೆ ಉತ್ತರ ತೋಚಲಿಲ್ಲ. ಅಂದು ರಾತ್ರಿಯೇ ಆ ಕಾದಂಬರಿಯನ್ನು ಕಪಾಟಿನಿಂದ ತೆಗೆದು ಮತ್ತೆ ಓದತೊಡಗಿದೆ. ನಾನು ಅದನ್ನು ತಪ್ಪಾಗಿ ಓದಿದ್ದೆನೆಂಬುದು ಕೆಲವೇ ದಿನಗಳಲ್ಲಿ ಸ್ಪಷ್ಟವಾಯಿತು. ವೇದಿಕೆಯ ಮೇಲೆ ಆಡಿದ ಮಾತನ್ನು ತಿದ್ದಿಕೊಳ್ಳುವುದೇ ಈ ಬರಹದ ಉದ್ದೇಶ.

1940ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಕೃತಿ ಕುಂದಾಪುರ ಸೀಮೆಯ ಕಡಲತೀರದ ಒಂದು ಬ್ರಾಹ್ಮಣ ಕುಟುಂಬದ ಮೂರು ತಲೆಮಾರುಗಳ ಕಥೆ. ಪೌರೋಹಿತ್ಯ ನಡೆಸುವ ರಾಮ ಐತಾಳರು ಮೊದಲನೆಯ ತಲೆಮಾರಿನವರು. ಅವರ ಮಗ ಲಚ್ಚ ಎರಡನೆಯವನು. ಲಚ್ಚನ ಮಗ ರಾಮ ಮೂರನೆಯವನು. ಈ ಮೂವರು ಗಂಡಸರ ಸುತ್ತ ಮನೆಯನ್ನು ಎತ್ತಿ ಹಿಡಿದು ನಿಂತವರು ಐತಾಳರ ಹೆಂಡತಿ ಪಾರೋತಿ, ಅವರ ವಿಧವೆ ತಂಗಿ ಸರಸೋತಿ, ಮುಂದೆ ಸೊಸೆಯಾಗಿ ಬರುವ ನಾಗವೇಣಿ.

ಲಚ್ಚನಿಂದಲೇ ಆರಂಭಿಸೋಣ. ಅವನು ಪೇಟೆಯಲ್ಲಿ ಇಂಗ್ಲಿಷ್ ಕಲಿತ, ದುಶ್ಚಟಗಳಿಗೆ ಬಿದ್ದ, ಮನೆಯ ಆಸ್ತಿಯನ್ನು ಕಳೆದ. ಇಷ್ಟನ್ನೇ ನೋಡಿದರೆ ಓದೇ ಅವನನ್ನು ಕೆಡಿಸಿತೆಂದು ತೋರುತ್ತದೆ. ಆದರೆ ಅವನನ್ನು ಓದಲು ಕಳುಹಿಸಿದ್ದು ಏತಕ್ಕಾಗಿ ಎಂಬುದನ್ನು ಗಮನಿಸಿ. ಐತಾಳರ ಕಣ್ಣಮುಂದೆಯೇ ನೆರೆಯವರು ಹೋಟೆಲು ವ್ಯಾಪಾರದಿಂದ ಹಣವಂತರಾಗುತ್ತಿದ್ದಾರೆ. ಅವರಿಗೆ ಸರಿಸಮವಾಗಿ ತಲೆಯೆತ್ತಿ ನಿಲ್ಲಲು ಐತಾಳರಿಗೊಂದು ಸಾಧನ ಬೇಕು. ಮಗನ ಇಂಗ್ಲಿಷ್ ಅಂಥ ಸಾಧನವಾಯಿತು. ಮಗನು ಏನನ್ನು ತಿಳಿದುಕೊಳ್ಳಬೇಕು ಎಂಬ ಪ್ರಶ್ನೆ ಆ ಮನೆಯಲ್ಲಿ ಏಳಲೇ ಇಲ್ಲ. ಅವನು ಏನಾಗಿ ಕಾಣಬೇಕು ಎಂಬುದೊಂದೇ ಚಿಂತೆ.

ಲಚ್ಚನ ಓದಿಗೆ ತಗಲುವ ಹಣ ಎಲ್ಲಿಂದ ಬಂತು? ಐತಾಳರ ದಕ್ಷಿಣೆಯಿಂದ ಸ್ವಲ್ಪ. ಹೆಚ್ಚಿನದು ಪಾರೋತಿ ಮತ್ತು ಸರಸೋತಿಯರ ದುಡಿಮೆಯಿಂದ ಉಳಿದದ್ದು. ಮಳೆಗಾಲದ ಕೆಸರುಗದ್ದೆಯಲ್ಲಿ, ಸೊಪ್ಪು ಸೌದೆಯ ಹೊರೆಯ ಕೆಳಗೆ, ಒಲೆಯ ಮುಂದೆ ಸವೆದ ಕೈಗಳು ಅವು. ಆ ದುಡಿಮೆಯ ಬೆಲೆಯನ್ನು ಲಚ್ಚನಿಗೆ ಯಾರೂ ತಿಳಿಸಿಕೊಡಲಿಲ್ಲ. ಗದ್ದೆಗಿಳಿಯುವುದು ಅವನಿಗೆ ತಕ್ಕುದಲ್ಲವೆಂಬ ಭಾವನೆಯಲ್ಲಿಯೇ ಅವನನ್ನು ಬೆಳೆಸಲಾಯಿತು. ಆದ್ದರಿಂದ ನಾನು ಈಗ ಹೀಗೆ ಓದುತ್ತೇನೆ: ಲಚ್ಚನನ್ನು ಕೆಡಿಸಿದ್ದು ಅಕ್ಷರವಲ್ಲ. ತನ್ನನ್ನು ಸಾಕಿದ ಕೈಗಳನ್ನು ಕೀಳೆಂದು ಕಾಣಲು ಕಲಿಸಿದ ಓದು ಅವನನ್ನು ಕೆಡಿಸಿತು. ಆ ಪಾಠ ಶಾಲೆಗೆ ಮೊದಲೇ ಮನೆಯಲ್ಲಿ ಶುರುವಾಗಿತ್ತು.

ಹಾಗಾದರೆ ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೇ ಈ ಕಾದಂಬರಿಯ ಆದರ್ಶವೆನ್ನೋಣವೇ? ಸರಸೋತಿಯ ವ್ಯವಹಾರಜ್ಞಾನ, ನಿಷ್ಠುರವಾದ ನೇರನುಡಿ, ಪಾರೋತಿಯ ತಾಳ್ಮೆ ಇವು ಕನ್ನಡದ ಕಾದಂಬರಿಗಳಲ್ಲಿ ಅಪರೂಪದವು. ಬೇಸಾಯದ ಬಗ್ಗೆ, ಮನೆವಾರ್ತೆಯ ಬಗ್ಗೆ ಅವರಿಗೆ ತಿಳಿದಷ್ಟು ಐತಾಳರಿಗೂ ತಿಳಿಯದು. ಅನುಭವವೇ ಎಲ್ಲವೂ ಆಗಿದ್ದರೆ ಆ ಮನೆಯ ನಿರ್ಧಾರಗಳು ಅವರ ಕೈಯಲ್ಲಿರಬೇಕಾಗಿತ್ತು. ಇರಲಿಲ್ಲ. ಐತಾಳರು ಎರಡನೆಯ ಮದುವೆಯಾಗಬೇಕೆಂದು ನಿಶ್ಚಯಿಸಿದಾಗ ಪಾರೋತಿಯ ಮಾತಿಗೆ ಬೆಲೆಯಿಲ್ಲ. ಆಸ್ತಿ ಕೈಬಿಟ್ಟಾಗ ನಾಗವೇಣಿಯ ಕಣ್ಣೀರಿಗೆ ಬೆಲೆಯಿಲ್ಲ. ದುಡಿಮೆ ಅವರಿಗೆ ಅನ್ನ ಕೊಟ್ಟಿತು, ಗೌರವವನ್ನೂ ಒಂದಿಷ್ಟು ಕೊಟ್ಟಿತು. ಅಧಿಕಾರದ ಮಾತು ಕೊಡಲಿಲ್ಲ. ಕಾರಂತರು ಈ ಹೆಂಗಸರನ್ನು ಹೊಗಳುವ ಭರದಲ್ಲಿ ಅವರ ಬವಣೆಯನ್ನು ಮುಚ್ಚಿಡುವುದಿಲ್ಲ. ನಾನು ನನ್ನ ಭಾಷಣದಲ್ಲಿ ಮುಚ್ಚಿಟ್ಟಿದ್ದೆ.

ಇನ್ನು ಮೊಮ್ಮಗ ರಾಮ. ಬಡತನದಲ್ಲಿ ತಾಯಿಯ ಆಸರೆಯಲ್ಲಿ ಬೆಳೆದ ಹುಡುಗ. ಮದರಾಸಿನಲ್ಲಿ ಓದುತ್ತಾನೆ, ನಡುವೆ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಸೆರೆಮನೆ ಕಾಣುತ್ತಾನೆ, ಪದವಿ ಪಡೆದೂ ಉದ್ಯೋಗಕ್ಕಾಗಿ ಅಲೆಯುತ್ತಾನೆ, ಕೊನೆಗೆ ಊರಿಗೆ ಬಂದು ಮಣ್ಣಿನ ಕೆಲಸಕ್ಕೆ ಕೈಹಾಕುತ್ತಾನೆ. ಅವನ ಓದು ವ್ಯರ್ಥವಾಯಿತೆಂದೇ ನಾನು ಹೇಳಿದ್ದೆ. ಕೃತಿ ಹಾಗೆ ಹೇಳುವುದಿಲ್ಲ. ಅಜ್ಜಿಯಂದಿರು ಮಣ್ಣಿನಲ್ಲಿ ದುಡಿದದ್ದು ಬೇರೆ ದಾರಿಯಿರಲಿಲ್ಲವೆಂದು. ರಾಮ ಹಲವು ದಾರಿಗಳನ್ನು ನೋಡಿ, ಸೋತು, ತೂಗಿ ನೋಡಿ ಬಂದವನು. ಸಂಗೀತದ ಒಲವು, ಲೋಕವನ್ನು ಕಂಡ ಕಣ್ಣು, ಪ್ರಶ್ನಿಸುವ ಬುದ್ಧಿ ಇವುಗಳನ್ನು ಅವನು ಊರ ಗಡಿಯಲ್ಲಿ ಬಿಟ್ಟು ಬರುವುದಿಲ್ಲ. ಪುಸ್ತಕದ ಹೆಸರಿನಲ್ಲಿ ‘ಮಣ್ಣಿಗೆ’ ಎಂಬ ಪದವನ್ನಷ್ಟೇ ನಾವು ಹಿಡಿದುಕೊಳ್ಳುತ್ತೇವೆ. ‘ಮರಳಿ’ ಎಂಬ ಪದಕ್ಕೂ ಅಷ್ಟೇ ತೂಕವಿದೆ. ಹೋಗದೇ ಇದ್ದವನು ಮರಳಲಾರನು.

ಆದರೂ ಈ ಕಾದಂಬರಿಯ ಬಗ್ಗೆ ನನಗೊಂದು ಆಕ್ಷೇಪಣೆ ಉಳಿದಿದೆ. ರಾಮನಿಗೆ ಮರಳಲು ಒಂದು ಊರಿತ್ತು, ಒಂದಿಷ್ಟು ನೆಲದ ಆಸರೆಯಿತ್ತು. ಮರಳಲು ಮಣ್ಣೇ ಇಲ್ಲದವನು ಏನು ಮಾಡಬೇಕು? ಈ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಉತ್ತರ ಬೇಕಾದರೆ ಕಾರಂತರೇ 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಗೆ ಹೋಗಬೇಕು. ಚೋಮನಿಗೆ ಎತ್ತುಗಳಿವೆ, ಬೇಸಾಯದ ಹಂಬಲವಿದೆ, ದುಡಿಯುವ ತೋಳಿದೆ. ಆದರೆ ಅವನು ಹುಟ್ಟಿದ ಜಾತಿಯ ಕಾರಣದಿಂದ ಉಳಲು ಅಂಗೈಯಗಲ ಗದ್ದೆ ಸಿಗುವುದಿಲ್ಲ. ಸಾಲದ ಲೆಕ್ಕ ಧಣಿಯ ಕಡೆಯವರ ಕೈಯಲ್ಲಿರುತ್ತದೆ. ಕೈಕೆಲಸದ ಅನುಭವವೊಂದೇ ಮನುಷ್ಯನನ್ನು ಉದ್ಧರಿಸುವುದಾದರೆ ಚೋಮನಿಗಿಂತ ಅರ್ಹನಾರು? ಹೊಲವಿದ್ದವನು ಪದವಿಯನ್ನು ಹಗುರವಾಗಿ ಕಾಣಬಹುದು. ಹೊಲವಿಲ್ಲದವನಿಗೆ ಶಾಲೆಯೇ ಮೊದಲ ಹೊಲ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳು ಒಂದೆರಡು ತಲೆಮಾರಿನ ಹಿಂದೆ ಕೂಲಿಯ ಮನೆಗಳೇ ಆಗಿದ್ದವು. ಅವುಗಳ ಮಕ್ಕಳ ಮುಂದೆ ನಿಂತು ಓದು ಮುಖ್ಯವಲ್ಲವೆಂದು ಹೇಳುವ ಮೊದಲು, ಓದಿನಿಂದಲೇ ವೇದಿಕೆ ಹತ್ತಿದ ನನ್ನಂಥವನು ಎರಡು ಬಾರಿ ಯೋಚಿಸಬೇಕಾಗಿತ್ತು.

ಸ್ವತಃ ಕಾರಂತರೇ ಕಾಲೇಜು ಬಿಟ್ಟವರಲ್ಲವೇ ಎಂದು ನೀವು ಕೇಳಬಹುದು. ನಿಜ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದು ನಿಲ್ಲಿಸಿದರು. ಮುಂದೆ ಹಲವು ವಿಶ್ವವಿದ್ಯಾನಿಲಯಗಳು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟವು. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು. ಆದರೆ ಅವರು ಬಿಟ್ಟದ್ದು ಕಾಲೇಜಿನ ಕಟ್ಟಡವನ್ನು, ಅಧ್ಯಯನವನ್ನಲ್ಲ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು, ಮುಂದೆ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದ ಮನುಷ್ಯ ಓದಿಗೆ ಬೆನ್ನು ತಿರುಗಿಸಿದವನೇ? ಯಕ್ಷಗಾನದ ಬಗ್ಗೆ ಪುಸ್ತಕ ಬರೆಯುವಾಗ ಅವರು ಗ್ರಂಥಾಲಯದಲ್ಲಿ ಮಾತ್ರ ಕುಳಿತಿರಲಿಲ್ಲ, ಮೇಳದವರೊಡನೆ ರಂಗದ ಮೇಲೂ ದುಡಿದರು. ಅವರ ಜೀವನದಿಂದ ಕಾಲೇಜು ಬಿಡುವ ಧೈರ್ಯವನ್ನಷ್ಟೇ ಕಲಿತವನು ಅರ್ಧ ಪಾಠ ಕಲಿತಂತೆ.

ನಮ್ಮ ಗುರುಗಳ ತರಬೇತಿಯಲ್ಲಿಯೂ ಇದೇ ತಿಳಿವಳಿಕೆ ಅಡಗಿದೆ. ತತ್ತ್ವಶಾಸ್ತ್ರ ಮುಗಿಸಿದ ಅಭ್ಯರ್ಥಿಯನ್ನು ದೈವಶಾಸ್ತ್ರಕ್ಕೆ ಕಳುಹಿಸುವ ಮೊದಲು ‘ರೀಜೆನ್ಸಿ’ ಎಂದು ಜನರ ನಡುವೆ ಇರಿಸುತ್ತಾರೆ. ನನ್ನ ರೀಜೆನ್ಸಿಯಲ್ಲಿ ನನಗೆ ಗುರುವಾದವರು ಏಳನೆಯ ತರಗತಿಯನ್ನೂ ಮುಗಿಸದ ಒಬ್ಬ ಉಪದೇಶಿ. ಸಾವಿನ ಮನೆಗೆ ಹೋಗುವ ದಾರಿಯಲ್ಲಿ ಅವರು, “ಬ್ರದರ್, ಹೋದ ಕೂಡಲೇ ಸಮಾಧಾನ ಹೇಳಬೇಡಿ. ಸುಮ್ಮನೆ ಅವರ ಪಕ್ಕ ಕುಳಿತುಕೊಳ್ಳಿ” ಎಂದರು. ಯಾವ ಪಠ್ಯದಲ್ಲಿಯೂ ನಾನು ಅದನ್ನು ಓದಿರಲಿಲ್ಲ. ಅದೇ ಉಪದೇಶಿ ಮರುದಿನ ನನ್ನ ಕೋಣೆಗೆ ಬಂದು, “ಆ ತಾಯಿಗೆ ವಿಧವಾ ವೇತನದ ಅರ್ಜಿ ಬರೆಯಬೇಕು. ನೀವು ಓದಿದವರು, ಬರೆದುಕೊಡಿ” ಎಂದರು. ಆ ಮನೆಗೆ ನಮ್ಮಿಬ್ಬರ ವಿದ್ಯೆಯೂ ಬೇಕಾಗಿತ್ತು. ಗಮಲಿಯೇಲನ ಬಳಿ ಶಾಸ್ತ್ರ ಕಲಿತ ಸಂತ ಪೌಲರು ಗುಡಾರ ಮಾಡುವ ಕಸುಬನ್ನೂ ಬಿಟ್ಟಿರಲಿಲ್ಲವೆಂಬುದು ನನಗೆ ಅಲ್ಲಿಂದ ಮುಂದೆ ಬರಿಯ ಮಾಹಿತಿಯಾಗಿ ಉಳಿಯಲಿಲ್ಲ.

ಎರಡು ವಾರಗಳ ನಂತರ ಮೇಸ್ತ್ರಿಯವರ ಮನೆಗೆ ಹೋದೆ. ನಾನು ವೇದಿಕೆಯಲ್ಲಿ ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಮಗನೂ ಅಲ್ಲಿದ್ದ. “ಎಲ್ಲಿ ಹೋದರೂ ಅನುಭವ ಎಷ್ಟು ಅಂತ ಕೇಳುತ್ತಾರೆ ಫಾದರ್” ಎಂದ. ಅದೇ ಕೋಣೆಯ ಮೂಲೆಯಲ್ಲಿ ಮೂವತ್ತು ವರ್ಷಗಳ ಅನುಭವದ ಕರಣೆ, ರಸಮಟ್ಟ, ತೂಗುಗುಂಡು ಇದ್ದವು. ಮಗನನ್ನು ಎಂದಾದರೂ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿದ್ದೀರಾ ಎಂದು ತಂದೆಯನ್ನು ಕೇಳಿದೆ. “ಇಲ್ಲ ಸ್ವಾಮಿ. ಸಿಮೆಂಟು ಅವನ ಕೈಗೆ ಹತ್ತಬಾರದು ಅಂತಲೇ ಅಷ್ಟೆಲ್ಲ ಮಾಡಿದ್ದು” ಎಂದರು. ನಕ್ಷೆ ಓದಲು ಬಾರದ್ದರಿಂದಲೇ ತಾನು ದೊಡ್ಡ ಗುತ್ತಿಗೆ ಹಿಡಿಯಲಾಗಲಿಲ್ಲ ಎಂದೂ ಅವರೇ ಹೇಳಿದರು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು. ನಡುವೆ ಒಂದು ನಾಚಿಕೆ ಗೋಡೆಯಂತೆ ನಿಂತಿತ್ತು. ಆ ಗೋಡೆಯನ್ನು ಕಟ್ಟಿದ್ದು ತಂದೆಯ ಪ್ರೀತಿಯೇ.

ಮಗ ಈಗ ತಂದೆಯೊಡನೆ ಕೆಲಸದ ಜಾಗಕ್ಕೆ ಹೋಗುತ್ತಿದ್ದಾನೆ. ಅವನಿಗೆ ಒಳ್ಳೆಯ ಉದ್ಯೋಗ ಸಿಕ್ಕಿತೆಂದು ಹೇಳಿ ನಾನು ಕಥೆಯನ್ನು ಸಿಹಿಯಾಗಿಸಲಾರೆ. ಸಾಲ ಇನ್ನೂ ಇದೆ. ಆದರೆ ನಕ್ಷೆಯಲ್ಲಿ ಮೆಟ್ಟಿಲಿನ ಅಳತೆ ತಪ್ಪಿದ್ದನ್ನು ಮಗ ಕಂಡುಹಿಡಿದನೆಂದು ಮೇಸ್ತ್ರಿಯವರು ಮೊನ್ನೆ ಭಾನುವಾರ ಬಲಿಪೂಜೆಯ ನಂತರ ನಾಲ್ಕು ಜನರ ಮುಂದೆ ಹೇಳಿದರು. ಮಗ, ತಂದೆ ಮರಳನ್ನು ಅಂಗೈಯಲ್ಲಿ ಹಿಂಡಿ ನೋಡಿಯೇ ಅದರಲ್ಲಿ ಮಣ್ಣು ಎಷ್ಟಿದೆಯೆಂದು ಹೇಳುವುದನ್ನು ನೋಡಿ ಬೆರಗಾದೆನೆಂದ.

ಪ್ರಿಯ ಪಾಲಕರೇ, ಬರುವ ಜೂನ್ ತಿಂಗಳಲ್ಲಿ ನಿಮ್ಮಲ್ಲಿ ಅನೇಕರು ಮಕ್ಕಳನ್ನು ಕಾಲೇಜಿಗೋ ಐಟಿಐಗೋ ಡಿಪ್ಲೊಮಾಕ್ಕೋ ಸೇರಿಸುವಿರಿ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರದಂಥ ತರಬೇತಿ ಕೇಂದ್ರಗಳಲ್ಲಿ ತರಗತಿ ಮತ್ತು ಯಂತ್ರಗಳೆರಡೂ ಒಂದೇ ಸೂರಿನ ಕೆಳಗಿವೆ. ಅಂಥವುಗಳನ್ನೂ ವಿಚಾರಿಸಿ ನೋಡಿ. ಎಲ್ಲಿಗೇ ಸೇರಿಸಿ, ಶುಲ್ಕ ಕಟ್ಟಿದ ರಸೀದಿಯನ್ನು ಪೆಟ್ಟಿಗೆಯೊಳಗೆ ಇಡುವ ಮೊದಲು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಆ ಹಣ ಯಾವ ಕೆಲಸದಿಂದ, ಎಷ್ಟು ದಿನಗಳ ದುಡಿಮೆಯಿಂದ ಬಂತೆಂದು ಹೇಳಿ. ಸಾಧ್ಯವಾದರೆ ಒಂದು ದಿನ ಆ ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ. ಲಚ್ಚನಿಗೆ ಅವನ ಮನೆಯವರು ಹೇಳದೇ ಉಳಿಸಿದ್ದು ಅದೊಂದೇ ಮಾತು.