ಕಡಲ ತೈಲವೂ ಶುದ್ಧಿಯ ಭ್ರಮೆಯೂ

ಕೊಳೆಯನ್ನು ತೆಗೆಯುವುದು ಬೇರೆ, ಅದನ್ನು ಕಣ್ಣಿಗೆ ಮರೆಮಾಡುವುದು ಬೇರೆ. ಈ ಭೇದವನ್ನು ಮರೆತಾಗ ಸದುದ್ದೇಶದಿಂದ ಕೈಗೊಂಡ ಕಾರ್ಯವೂ ಹಿಂಸೆಗೆ ಎಡೆಮಾಡಿಕೊಡುತ್ತದೆ. ಹಡಗುಗಳಿಂದ ಸಮುದ್ರಕ್ಕೆ ಚೆಲ್ಲಿದ ತೈಲವನ್ನು ಚದುರಿಸಲು ಸಿಂಪಡಿಸುವ ಡಿಸ್ಪರ್ಸೆಂಟ್ ಎಂಬ ರಾಸಾಯನಿಕಗಳ ವಿಷಯದಲ್ಲಿ ಈ ವಿವೇಚನೆ ಅತ್ಯಗತ್ಯವಾಗಿದೆ.

ಮೈಸೂರು ಕಡಲಿನಿಂದ ದೂರವಿರುವ ನಗರ. ಆದರೆ ಇಲ್ಲಿಯ ರಸ್ತೆಗಳಲ್ಲಿ ಓಡುವ ವಾಹನಗಳ ಇಂಧನಕ್ಕೆ ಮೂಲವಾದ ಕಚ್ಚಾತೈಲದ ಬಹುಪಾಲು ವಿದೇಶಗಳಿಂದ ಹಡಗುಗಳಲ್ಲಿಯೇ ಬರುತ್ತದೆ. ಇಲ್ಲಿಯ ಅಂಗಡಿಗಳಲ್ಲಿ ಮಾರಾಟವಾಗುವ ಎಷ್ಟೋ ಸರಕುಗಳೂ ಹಾಗೆಯೇ ಬರುತ್ತವೆ. 2006ರ ಮೇ ತಿಂಗಳ ಕೊನೆಯಲ್ಲಿ ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಸಮೀಪ ಬಂಡೆಗೆ ತಗುಲಿದಾಗ ಅದರ ಇಂಧನ ತೈಲವು ದಕ್ಷಿಣ ಗೋವೆಯ ತೀರದವರೆಗೂ ಹರಡಿತು. 2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಬಳಿ ನೀರುಪಾಲಾಯಿತು. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೊಚ್ಚಿಯ ಆಚೆ ಮುಳುಗಿತು. ಹಡಗಿನಲ್ಲಿದ್ದ 24 ಮಂದಿಯೂ ಬದುಕಿ ಬಂದರು. ಸುಮಾರು 367 ಟನ್ ಫರ್ನೇಸ್ ತೈಲವೂ 84 ಟನ್ ಡೀಸೆಲ್ಲೂ ಹಡಗಿನೊಂದಿಗೆ ಕಡಲ ಪಾಲಾದವು. ಮೇಲಕ್ಕೆ ತೇಲಿ ಬಂದ ತೈಲದ ಮೇಲೆ ಕರಾವಳಿ ರಕ್ಷಣಾ ಪಡೆಯು ಡಿಸ್ಪರ್ಸೆಂಟನ್ನು ಸಿಂಪಡಿಸಿತು.

ಈ ದ್ರಾವಣದ ಕೆಲಸವನ್ನು ತಿಳಿಯಲು ಎಣ್ಣೆಸ್ನಾನವನ್ನು ನೆನೆದರೆ ಸಾಕು. ಮೈಗೆ ಹಚ್ಚಿದ ಎಣ್ಣೆ ಬರಿಯ ನೀರಿಗೆ ಹೋಗುವುದಿಲ್ಲ. ಸೀಗೆಪುಡಿ ಸೇರಿದೊಡನೆ ಅದು ಸಣ್ಣ ಹನಿಗಳಾಗಿ ಒಡೆದು ನೀರಿನೊಂದಿಗೆ ಹರಿದುಹೋಗುತ್ತದೆ. ಮೈ ಶುದ್ಧವಾಯಿತು, ನಿಜ. ಆದರೆ ಎಣ್ಣೆ ನಾಶವಾಗಲಿಲ್ಲ; ಬಚ್ಚಲಿನ ಮೋರಿ ಸೇರಿತು. ಡಿಸ್ಪರ್ಸೆಂಟ್ ಕೂಡ ತೈಲವನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹನಿಗಳನ್ನಾಗಿ ಒಡೆದು ನೀರಿನ ಒಳಪದರಗಳಿಗೆ ಇಳಿಸುತ್ತದೆ. ಕಡಲಿಗಾದರೋ ಹರಿದುಹೋಗಲು ಬೇರೆ ಮೋರಿಯಿಲ್ಲ. ಅಲ್ಲಿಯ ಬ್ಯಾಕ್ಟೀರಿಯಾಗಳು ಸಣ್ಣ ಹನಿಗಳನ್ನು ಬೇಗ ಅರಗಿಸಿಕೊಳ್ಳುತ್ತವೆ ಎಂಬುದು ಈ ವಿಧಾನದ ಭರವಸೆ. ಅದೇ ಹನಿಗಳು ಮೀನಿನ ಮೊಟ್ಟೆ, ಮರಿ, ಸಿಗಡಿಯ ಎಳೆಜೀವಗಳನ್ನೂ ಸುಲಭವಾಗಿ ತಲುಪುತ್ತವೆ ಎಂಬುದು ಇದರ ಇನ್ನೊಂದು ಮುಖ.

ಇತಿಹಾಸವು ಈ ಎರಡನೆಯ ಮುಖವನ್ನು ಸ್ಪಷ್ಟವಾಗಿ ತೋರಿಸಿದೆ. 1967ರ ಮಾರ್ಚ್ 18ರಂದು ಟೋರಿ ಕ್ಯಾನ್ಯನ್ ಎಂಬ ತೈಲದ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಂಡೆಗೆ ಬಡಿದಾಗ ಸುಮಾರು 10,000 ಟನ್ ಮಾರ್ಜಕವನ್ನು ಸುರಿಯಲಾಯಿತು. ಬಂಡೆಗೆ ಕಚ್ಚಿಕೊಂಡು ಪಾಚಿಯನ್ನು ಮೇಯುವ ಸಣ್ಣ ಚಿಪ್ಪುಜೀವಿಗಳು ತೈಲಕ್ಕಿಂತ ಹೆಚ್ಚಾಗಿ ಈ ಮಾರ್ಜಕದಿಂದಲೇ ಸತ್ತವು. ಮೇಯುವವರಿಲ್ಲದೆ ಬಂಡೆಗಳ ಮೇಲೆಲ್ಲ ಹಸಿರು ಪಾಚಿ ಬೆಳೆಯಿತು. ತೈಲ ಮಾತ್ರ ಬಿದ್ದ ತೀರಗಳು ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡರೆ, ಮಾರ್ಜಕವನ್ನು ಧಾರಾಳವಾಗಿ ಸುರಿದ ತೀರಗಳಿಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಅನಂತರದ ದ್ರಾವಣಗಳು ಅಷ್ಟು ವಿಷಕಾರಿಯಲ್ಲ. ಆದರೂ ಆತಂಕ ನೀಗಿಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲಬಾವಿ ಸ್ಫೋಟಿಸಿ 11 ಕಾರ್ಮಿಕರು ಮಡಿದ ಬಳಿಕ, ಸುಮಾರು 70 ಲಕ್ಷ ಲೀಟರ್ ಡಿಸ್ಪರ್ಸೆಂಟ್ ಬಳಕೆಯಾಯಿತು. ಅದರಲ್ಲಿ ಸುಮಾರು 29 ಲಕ್ಷ ಲೀಟರನ್ನು 1,500 ಮೀಟರ್ ಆಳದಲ್ಲಿ ಬಾವಿಯ ಬಾಯಿಯಲ್ಲಿಯೇ ಬಿಡಲಾಯಿತು. ಅದರ ಒಂದು ಘಟಕವು ಬಳಕೆ ನಿಂತು ಸುಮಾರು ಎರಡು ತಿಂಗಳಾದರೂ ಆಳದ ನೀರಿನಲ್ಲಿ ಉಳಿದಿತ್ತೆಂದು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಶುದ್ಧೀಕರಣದಲ್ಲಿ ದುಡಿದವರ ಪೈಕಿ ಡಿಸ್ಪರ್ಸೆಂಟಿನ ಸಂಪರ್ಕಕ್ಕೆ ಬಂದವರಲ್ಲಿ ಕೆಮ್ಮು, ಉಬ್ಬಸ, ಕಣ್ಣುರಿಗಳು ಹೆಚ್ಚಾಗಿದ್ದವೆಂದು ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆಯ ಅಧ್ಯಯನವು 2017ರಲ್ಲಿ ತಿಳಿಸಿತು.

ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಪರಿಶೀಲಿಸಬೇಕು. ತೇಲುವ ತೈಲವು ಕಡಲ ಹಕ್ಕಿಗಳ ಗರಿಗೆ ಅಂಟಿ ಅವುಗಳನ್ನು ಕೊಲ್ಲುತ್ತದೆ; ಕಾಂಡ್ಲಾವನಕ್ಕೆ ನುಗ್ಗಿದರೆ ದೀರ್ಘಕಾಲ ಅಲ್ಲಿಯೇ ಉಳಿಯುತ್ತದೆ; ಅದರಿಂದ ಏಳುವ ಆವಿಯು ಹತ್ತಿರ ದುಡಿಯುವವರ ಆರೋಗ್ಯಕ್ಕೂ ಅಪಾಯಕರ. ಆಳವಾದ ತೆರೆದ ಕಡಲಿನಲ್ಲಿ, ತೈಲ ಇನ್ನೂ ಹೊಸದಾಗಿರುವಾಗ, ಚದುರಿಸುವುದೇ ಕಡಿಮೆ ಹಾನಿಯ ದಾರಿಯಾಗುವ ಸಂದರ್ಭಗಳುಂಟು. ಆದ್ದರಿಂದ ಈ ರಾಸಾಯನಿಕವನ್ನು ಎಂದಿಗೂ ಬಳಸಬಾರದೆಂಬ ವಾದ ನಿಲ್ಲಲಾರದು.

ಟೀಕೆಗೆ ಒಳಗಾಗಬೇಕಾದುದು ಬಳಕೆಗಿಂತ ಹೆಚ್ಚಾಗಿ ಅದಕ್ಕೆ ಕೊಟ್ಟ ಹೆಸರು. ಇದನ್ನು ಶುದ್ಧೀಕರಣವೆನ್ನುವುದು ಸತ್ಯಕ್ಕೆ ದೂರ. ಇದು ಹಾನಿಯ ವರ್ಗಾವಣೆ. ತೀರದಿಂದ ಆಳಕ್ಕೆ, ಹಕ್ಕಿಯಿಂದ ಮೀನಿನ ಮರಿಗೆ, ಛಾಯಾಚಿತ್ರದಲ್ಲಿ ಕಾಣುವ ಜೀವದಿಂದ ಕಾಣದ ಜೀವಕ್ಕೆ ಹಾನಿಯನ್ನು ಸಾಗಿಸಲಾಗುತ್ತದೆ. ಮೇಲೆ ಹೇಳಿದ ಪಶ್ಚಿಮ ಕರಾವಳಿಯ ಮೂರೂ ಅವಘಡಗಳು ಮುಂಗಾರಿನ ಹೊಸ್ತಿಲಲ್ಲಿ ನಡೆದವೆಂಬುದು ಗಮನಾರ್ಹ. ಮೀನುಗಳು ಮೊಟ್ಟೆಯಿಡುವ ಕಾಲವೆಂದೇ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬಲೆಗೆ ನಿಷಿದ್ಧವಾದ ಕಾಲದಲ್ಲಿ ರಾಸಾಯನಿಕಕ್ಕೆ ಎಷ್ಟು ಅವಕಾಶವಿರಬೇಕೆಂಬುದನ್ನು ಅವಘಡಕ್ಕೆ ಮೊದಲೇ, ಮೀನುಗಾರರನ್ನೂ ಕೂಡಿಸಿಕೊಂಡು ತೀರ್ಮಾನಿಸುವುದು ನ್ಯಾಯ. ಯಾವ ದ್ರಾವಣ, ಎಷ್ಟು, ಎಲ್ಲಿ ಎಂಬುದೂ ಪ್ರಕಟವಾಗಬೇಕು. 2010ರಲ್ಲಿ ಆ ದ್ರಾವಣದ ಘಟಕಗಳ ಪೂರ್ಣ ಪಟ್ಟಿಯು ವ್ಯಾಪಾರ ರಹಸ್ಯವೆಂಬ ಕಾರಣದಿಂದ ಜೂನ್‌ವರೆಗೂ ಸಾರ್ವಜನಿಕರಿಗೆ ದೊರೆತಿರಲಿಲ್ಲ. ತಾನು ಉಸಿರಾಡುವುದೇನೆಂದು ಕಾರ್ಮಿಕನಿಗೆ ತಿಳಿಯದಂತೆ ಕಾಪಾಡುವ ರಹಸ್ಯವು ನೀತಿಯ ದೃಷ್ಟಿಯಲ್ಲಿ ಸಮರ್ಥನೀಯವಲ್ಲ.

ನೀರನ್ನು ಸೋಸಿ ಕುಡಿಯುವ ಶ್ರಾವಕಾಚಾರದಲ್ಲಿ ಒಂದು ಸೂಕ್ಷ್ಮವಿದೆ. ಸೋಸಿದೊಡನೆ ಕರ್ತವ್ಯ ಮುಗಿಯುವುದಿಲ್ಲ; ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಆ ನೀರಿನ ಮೂಲಕ್ಕೇ ಜಾಗರೂಕತೆಯಿಂದ ಮರಳಿಸಬೇಕು. ಕಣ್ಣಿಗೆ ಕಾಣದ ಜೀವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಶಿಸ್ತು ಅದು. ಡಿಸ್ಪರ್ಸೆಂಟಿನ ಬಳಕೆಯಲ್ಲಿ ತಪ್ಪಿಹೋಗಿರುವುದು ಈ ಲೆಕ್ಕವೇ. ಹಿಂಸೆಯು ಅನಿವಾರ್ಯವಾದಾಗಲೂ ಅದನ್ನು ಹಿಂಸೆಯೆಂದು ಒಪ್ಪಿ, ಕನಿಷ್ಠಕ್ಕೆ ಇಳಿಸುವುದು ವಿವೇಕ. ಅದಕ್ಕೆ ಶುದ್ಧಿಯೆಂಬ ಹೆಸರಿಟ್ಟು ನೆಮ್ಮದಿಪಡುವುದು ಪ್ರಮಾದ.

ಹಿಂಸೆಯಲ್ಲಿ ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು ಬಗೆಗಳನ್ನು ಶಾಸ್ತ್ರವು ಎಣಿಸುತ್ತದೆ. ತೈಲವನ್ನು ಚೆಲ್ಲಿದ ಹಡಗು ಮೈಸೂರಿನದಲ್ಲದಿರಬಹುದು, ದ್ರಾವಣವನ್ನು ಸಿಂಪಡಿಸಿದ ಕೈಯೂ ಇಲ್ಲಿಯದಲ್ಲ. ಆದರೆ ಹಡಗು ಹೊತ್ತು ತರುವ ತೈಲದಲ್ಲಿಯೂ ಸರಕಿನಲ್ಲಿಯೂ ಈ ನಗರದ ಬೇಡಿಕೆಯ ಪಾಲುಂಟು. ಅಗತ್ಯಕ್ಕೆ ಮೀರಿದ ಬಳಕೆಯನ್ನು ತಗ್ಗಿಸುವುದೂ, ಕಡಲಿಗೆ ಏನು ಸುರಿಯಲಾಯಿತೆಂದು ಸರ್ಕಾರವನ್ನು ಕೇಳುವುದೂ ಕರಾವಳಿಯವರ ಕರ್ತವ್ಯ ಮಾತ್ರವಲ್ಲ, ಒಳನಾಡಿನವರದೂ ಹೌದು.