ಓರೆಗಣ್ಣಿನ ಕ್ರಿಯಾಪದ

ನಮ್ಮ ಅಕ್ಕನ ಮಗಳು ಬೆಂಗಳೂರಿನ ಅಂಜನಾಪುರದಿಂದ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನಕ್ಕೆ ಜರ್ಮನ್ ಕಲಿಯಲು ಹೋಗುತ್ತಾಳೆ. ಮೊನ್ನೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು: ‘ಮಾಮ, ಹೀಗೆ ನೋಡೋದಕ್ಕೆ ಶೀಲೆನ್ ಅನ್ನಬಹುದಾ?’

ಅನ್ನಬಾರದು. ಇಂಗ್ಲಿಷಿನ ಮೂಲಕ ಜರ್ಮನ್ ಕಲಿಯುವ ನಾವೆಲ್ಲರೂ ಇಲ್ಲಿ ಎಡವುತ್ತೇವೆ. ಇಂಗ್ಲಿಷಿನ ‘ಸ್ಕ್ವಿಂಟ್’ ಮೆಳ್ಳಗಣ್ಣಿಗೂ ಸಲ್ಲುತ್ತದೆ, ಬಿಸಿಲಿನ ನೋಟಕ್ಕೂ ಸಲ್ಲುತ್ತದೆ. ಜರ್ಮನ್ನಿನಲ್ಲಿ ಬಿಸಿಲಿಗೆ ‘ಬ್ಲಿನ್ಸೆಲ್ನ್’ ಎಂಬ ಬೇರೆ ಮಾತೇ ಇದೆ. ‘ಶೀಲೆನ್’ ಎಂದರೆ ಎರಡು ಕಣ್ಣೂ ಒಂದೇ ಕಡೆ ನೆಡದಿರುವುದು. ಜೊತೆಗೆ ಓರೆಗಣ್ಣಿನಲ್ಲಿ ನೋಡುವುದು, ಮರೆಯಿಂದ ಇಣುಕುವುದು, ಆಸೆಪಟ್ಟು ಕಣ್ಣು ಹಾಕುವುದು.

ನನಗೆ ಬಲು ಇಷ್ಟವಾದದ್ದು ಅದರ ಜೊತೆ ಬರುವ ‘ಔಫ್’ (ಮೇಲೆ) ಎಂಬ ಪುಟ್ಟ ಪದ. ‘ಎರ್ ಶೀಲ್ಟ್ ಔಫ್ ಡೆಮ್ ಲಿಂಕೆನ್ ಔಗೆ’ ಎಂದರೆ ಅವನ ಎಡಗಣ್ಣು ಮೆಳ್ಳ. ‘ಎರ್ ಶೀಲ್ಟ್ ಔಫ್ ಡೆನ್ ಪೋಸ್ಟೆನ್’ ಎಂದರೆ ಆ ಹುದ್ದೆಯ ಮೇಲೆ ಅವನ ಕಣ್ಣು ಬಿದ್ದಿದೆ. ‘ಡೆಮ್’ ಚತುರ್ಥಿ, ‘ಡೆನ್’ ದ್ವಿತೀಯಾ. ‘ಔಫ್’ ಮುಂದೆ ಚತುರ್ಥಿ ಬಂದರೆ ಇರುವ ಜಾಗ, ದ್ವಿತೀಯಾ ಬಂದರೆ ಹೋಗುವ ದಿಕ್ಕು. ದೋಷ ಕಣ್ಣಿನಲ್ಲೇ ಇರುತ್ತದೆ, ಆಸೆ ಹುದ್ದೆಯ ಕಡೆಗೆ ಹೊರಡುತ್ತದೆ. ವಿಭಕ್ತಿಯ ಭಾಷೆಯಲ್ಲಿ ಬೆಳೆದ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಕಣ್ಣಿನಲ್ಲಿ’, ‘ಕಣ್ಣಿಗೆ’ ಎರಡರ ಅಂತರ ನಮ್ಮ ಬಾಯಲ್ಲೇ ಇದೆ.

ಇನ್ನೊಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ಜರ್ಮನ್ನಿನಲ್ಲಿ ಮೆಳ್ಳಗಣ್ಣಿಗೂ ಕ್ರಿಯಾಪದ ಸಾಕು. ನಾವು ಅದನ್ನು ನಾಮಪದ ಮಾಡಿ, ‘ಮೆಳ್ಳಗಣ್ಣ’ ಎಂದು ಮಗುವಿನ ಹಣೆಗೆ ಅಂಟಿಸುತ್ತೇವೆ. ಎಳೆಯ ವಯಸ್ಸಿನಲ್ಲೇ ಚಿಕಿತ್ಸೆ ಕೊಡಿಸಿದರೆ ಎಷ್ಟೋ ಮಕ್ಕಳ ಕಣ್ಣು ನೇರವಾಗುತ್ತದೆ, ಅಂಟಿದ ಹೆಸರು ಮಾತ್ರ ಹೋಗುವುದಿಲ್ಲ.

ಜರ್ಮನ್ನಿಗೂ ಕನ್ನಡಕ್ಕೂ ನಡುವೆ ಇಂಗ್ಲಿಷ್ ನಿಲ್ಲುವುದು ಹೊಸದೇನಲ್ಲ. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಹುಟ್ಟಿದ ಜರ್ಮನ್. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ಮಹಾನಿಘಂಟು ಕನ್ನಡವನ್ನು ಇಂಗ್ಲಿಷಿನಲ್ಲಿ ವಿವರಿಸಿತು. ಅವರ ತಾಯ್ನುಡಿಗೂ ನಮ್ಮ ನುಡಿಗೂ ನಡುವೆ ಇಂಗ್ಲಿಷಿನ ಬಾಗಿಲು ಅಂದೂ ಇತ್ತು. ನೂರಾರು ಪದಗಳಿಗೆ ಅದು ಒಳ್ಳೆಯ ಬಾಗಿಲೇ. ಶೀಲೆನ್‌ಗೆ ಅಲ್ಲ.

ಜರ್ಮನ್ ಕಲಿಯುವವರು ನೋಟ್‌ಬುಕ್ಕಿನಲ್ಲಿ ಈ ಪದದ ಎದುರು ಇಂಗ್ಲಿಷ್ ಬರೆಯಬೇಡಿ. ಮೆಳ್ಳಗಣ್ಣು, ಓರೆನೋಟ, ಕಣ್ಣು ಹಾಕು, ಈ ಮೂರನ್ನೂ ಕನ್ನಡದಲ್ಲೇ ಬರೆದುಕೊಳ್ಳಿ.