ಮುಟ್ಟಿ ಕಲಿಯುವ ಚರಿತ್ರೆ

ಚರಿತ್ರೆಯನ್ನು ಮಕ್ಕಳು ಮುಟ್ಟಿ ಕಲಿಯಬೇಕು ಅಂತ ಈಗ ಶಿಕ್ಷಕರ ತರಬೇತಿಗಳಲ್ಲಿ ಹೇಳಿಕೊಡ್ತಾರೆ. ಹಳೆಯ ಸೇರು, ಕಳಸೆ, ನೊಗ, ಬುಟ್ಟಿ ತಂದು ಮೇಜಿನ ಮೇಲಿಡಿ, ಮಕ್ಕಳು ಹಿಡಿದು ನೋಡಲಿ, ತಾವೂ ಒಂದು ಹೆಣೆಯಲಿ ಅಂತಾರೆ. ರಾಜರ ಇಸವಿಗಳನ್ನು ಉರು ಹೊಡೆಸುವುದಕ್ಕಿಂತ ಇದು ನೂರು ಪಾಲು ಮೇಲು. ನಾವು ಇದರ ವಿರೋಧಿಗಳಲ್ಲ. ಆದರೆ 'ಮುಟ್ಟಿ' ಎಂಬ ಮಾತನ್ನು ಇಷ್ಟು ಸಲೀಸಾಗಿ ಆಡುವವರಿಗೆ ನಮ್ಮದೊಂದು ಪ್ರಶ್ನೆ: ಈ ನೆಲದಲ್ಲಿ ಮುಟ್ಟುವುದಕ್ಕೇ ಒಂದು ಚರಿತ್ರೆ ಇಲ್ಲವೇ?

ಮಂಗಳೂರಿನ ಉರ್ವವನ್ನೇ ತೆಗೆದುಕೊಳ್ಳಿ. 1892ರಲ್ಲಿ ಇಲ್ಲಿನ ಚಿಲಿಂಬಿಯಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಮಿಷನ್ನಿನಲ್ಲಿ ಅಕ್ಷರದ ಜೊತೆಗೆ ನೇಯ್ಗೆ, ಮರಗೆಲಸವನ್ನೂ ಕಲಿಸಿದರು. ದಲಿತರನ್ನು ಮತ್ತೆ ಕೈಕೆಲಸಕ್ಕೇ ಕೂರಿಸಿದರು ಅಂತ ಇದನ್ನು ಟೀಕಿಸುವ ಗೆಳೆಯರಿದ್ದಾರೆ. ನಾವು ಒಪ್ಪುವುದಿಲ್ಲ. ಈ ಜಿಲ್ಲೆಯಲ್ಲಿ ಮಗ್ಗ ಶೆಟ್ಟಿಗಾರರದ್ದು, ಉಳಿ ಆಚಾರಿಗಳದ್ದು. ದಲಿತರ ಹುಡುಗ ಮಗ್ಗದ ಮುಂದೆ ಕೂತದ್ದೇ ಜಾತಿಯ ಗೆರೆ ದಾಟಿದ ಹಾಗೆ. ಇಂದು ಒಂದು ಮಗ್ಗವನ್ನು ತರಗತಿಗೆ ತಂದರೆ, ಹೇಗೆ ನೇಯ್ತಾರೆ ಎಂಬುದನ್ನು ಮಕ್ಕಳು ಅರ್ಧ ಗಂಟೆಯಲ್ಲಿ ತಿಳಿದುಕೊಳ್ತಾರೆ. ಇದನ್ನು ಮುಟ್ಟುವ ಹಕ್ಕು ಯಾರಿಗಿತ್ತು ಅಂತ ಕೇಳುವುದು ಯಾವಾಗ?

ಇನ್ನು ಬುಟ್ಟಿ. ಕರಾವಳಿಯ 'ನಮ್ಮ ಸಂಸ್ಕೃತಿ' ಪ್ರದರ್ಶನಗಳಲ್ಲಿ ಕೊರಗರ ಬುಟ್ಟಿ, ಡೋಲು ಕಾಣ್ತೇವೆ. ಪಕ್ಕದ ಚೀಟಿಯಲ್ಲಿ 'ಕರಕುಶಲ ಕಲೆ' ಅಂತ ಎರಡು ಪದ. ಕಾಡಿನಿಂದ ಬೀಳು ತಂದು, ಸೀಳಿ, ಹೆಣೆದವರು ಚೀಟಿಯಲ್ಲಿಲ್ಲ. ಅಜಲು ಹೆಸರಿನಲ್ಲಿ ಇದೇ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು, ಉಳ್ಳವರ ಪೀಡೆ ಇವರಿಗೆ ದಾಟಲಿ ಅಂತ. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಕಳೆದ ಮೇಲೆ! ಆ ಕಾಯ್ದೆಯ ಪ್ರತಿಯೊಂದನ್ನು ಡೋಲಿನ ಪಕ್ಕದಲ್ಲಿಡುವ ಶಿಕ್ಷಕರು ಬೇಕಾಗಿದ್ದಾರೆ.

ಎಳೆಯ ಮಕ್ಕಳಿಗೆ ಅಂಥದ್ದೆಲ್ಲ ಹೇಳಬಾರದು, ಮನಸ್ಸು ನೋಯ್ತದೆ ಅಂತಾರೆ. ಯಾರ ಮಕ್ಕಳ ಮನಸ್ಸು? ಅದೇ ತರಗತಿಯಲ್ಲಿ ಕೂತ ಕೊರಗರ ಹುಡುಗಿಗೆ ಇದು ಅಜ್ಜಿಯ ಬಾಯಿಂದಲೇ ಗೊತ್ತಿರಬಹುದು. ಬುಟ್ಟಿ ಹೆಣೆಯುವುದು ಉಳಿದವರಿಗೆ ಒಂದು ಪೀರಿಯಡ್ಡಿನ ಆಟ. ಅವಳಿಗೆ ಹಾಗಲ್ಲ. 'ನಿನಗೇನು, ನಿಮ್ಮ ಮನೆ ಕೆಲಸವೇ ಅಲ್ವಾ' ಅಂತ ಪಕ್ಕದವನು ಅಂದುಬಿಟ್ಟರೆ ಮೇಷ್ಟ್ರು ಏನು ಹೇಳ್ತಾರೆ? ಚಟುವಟಿಕೆಯ ಕೈಪಿಡಿ ಬರೆಯುವವರು ಮೊದಲು ಇದಕ್ಕೆ ಉತ್ತರ ಬರೆಯಲಿ. ಅವಳ ಅಜ್ಜಿಯನ್ನೇ ತರಗತಿಗೆ ಕರೆದು, ಗೌರವಧನ ಕೊಟ್ಟು, ಕುರ್ಚಿ ಹಾಕಿ ಕೂರಿಸಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಇಂಥ ಪಾಠಕ್ಕೆ ಮ್ಯೂಸಿಯಂ ಆಗಬೇಕೆಂದೇನೂ ಇಲ್ಲ. ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ನೋಡಲು ಚೆಂದ. ಧಣಿಯ ಮನೆಗೆ ಗೇಣಿ ಹೋಗುತ್ತಿದ್ದದ್ದೂ ಮುಡಿಯ ಲೆಕ್ಕದಲ್ಲೇ. ಅದರ ಜೊತೆಗೆ, 1974ರ ಭೂಸುಧಾರಣೆಯ ನಂತರ ಗೇಣಿದಾರರು ಹಾಕಿದ ಡಿಕ್ಲರೇಷನ್ ಕಾಗದವನ್ನು ಮಕ್ಕಳು ಮನೆಯಿಂದ ಹುಡುಕಿ ತರಲಿ. ಕೆಲವರ ಮನೆಯಲ್ಲಿ ಸಿಗ್ತದೆ. ಗೇಣಿಗೂ ಭೂಮಿ ಸಿಗದೆ ಕೂಲಿಗೇ ದುಡಿದವರ ಮನೆಯಲ್ಲಿ ಸಿಗುವುದಿಲ್ಲ. ಯಾಕೆ ಸಿಗಲಿಲ್ಲ ಅಂತ ಆ ಮಕ್ಕಳು ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿ. ಮಾರನೆಯ ದಿನದ ಪಾಠ ಅಲ್ಲಿಂದಲೇ ಸುರುವಾಗಲಿ.